ಒಂದು ಬೆರಳಗಲ ಮೈಕಾ

ಮೊನ್ನೆ ಚಾಮರಾಜಪೇಟೆಯ ಒಂದು ಛತ್ರದವರು ಹಳೆಯ ಸ್ಪೀಕರುಗಳನ್ನು ಮಾರುತ್ತೇವೆ ಎಂದು ಹೇಳಿಕಳಿಸಿದ್ದರು. ಅವರು ಹೇಳಿದ ಬೆಲೆ ಕೇಳಿ, ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಹೊರಗೆ ಬಂದೆ. ವ್ಯಾಪಾರದಲ್ಲಿ ಎದ್ದು ಬರುವುದನ್ನು ಕಲಿಯಬೇಕು. ಗೇಟು ದಾಟುವುದರೊಳಗೆ ಕರೆದರೆ ಸರಕು ನಮ್ಮದು. ಕರೆಯದಿದ್ದರೆ ಅವರು ಹೇಳಿದ್ದೇ ನಿಜವಾದ ಬೆಲೆ ಎಂದು ಗೊತ್ತಾಗುತ್ತದೆ. ಎರಡರಲ್ಲೂ ನಷ್ಟವಿಲ್ಲ. ಕರೆಯಲಿ ಎಂದು ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಮೂಲೆಯ ಪ್ಲೈವುಡ್ ಅಂಗಡಿಯವರೆಗೆ ಬಂದೆ. ಅಲ್ಲೊಬ್ಬ ಬಡಗಿ ಹಳೆಯ ಮೇಜಿನ ಮೇಲಿನ ಮೈಕಾ ಹಾಳೆಯನ್ನು ಬಿಸಿ ಮಾಡಿ ಕೀಳುತ್ತಿದ್ದ. ಅಡಿಯಲ್ಲಿದ್ದ ಗೋಂದು ಕರಗಿ ಹೊಗೆಯಾಡುತ್ತಿತ್ತು. ಸೀದ ಬೆಲ್ಲ, ಸೀಮೆಎಣ್ಣೆ, ಒದ್ದೆ ಮರ ಮೂರೂ ಕಲೆತಂಥ ವಾಸನೆ.

ಹಿಂದಿನಿಂದ ಛತ್ರದವರು "ಸಾರ್, ಬನ್ನಿ ಸಾರ್, ಮಾತಾಡೋಣ" ಎಂದು ಕರೆಯುತ್ತಲೇ ಇದ್ದರಂತೆ. ನನಗೆ ಕೇಳಿಸಲಿಲ್ಲ. ನಾನಾಗ ಶ್ರೀರಾಂಪುರದಲ್ಲಿದ್ದೆ, ಇಪ್ಪತ್ತರ ಹುಡುಗನಾಗಿ, ಇನ್ನೊಬ್ಬರ ಡ್ರಮ್ಮಿನ ಅಂಚಿಗೆ ಇಸ್ತ್ರಿ ಪೆಟ್ಟಿಗೆ ಒತ್ತಿ ಹಿಡಿದುಕೊಂಡು.

ಅದು ಎಂಬತ್ತರ ದಶಕದ ನಡುವಿನ ಒಂದು ವರ್ಷ. ಗಣೇಶನ ಹಬ್ಬದ ಪೆಂಡಾಲುಗಳೆಲ್ಲ ಬಿಚ್ಚಿ, ರಾಜ್ಯೋತ್ಸವದ ಪೆಂಡಾಲುಗಳು ಇನ್ನೂ ಏಳದ ಕಾಲ. ಆರ್ಕೆಸ್ಟ್ರಾದವರಿಗೆ ಅದು ಬಿಡುವು. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಇದ್ದಕ್ಕಿದ್ದಂತೆ ಮಳೆ, ಮಳೆಯ ಜೊತೆಗೇ ಕರೆಂಟು ಹೋಗುವುದು. ನಾನು ಹಗಲು ಹಳೆಯ ರೇಡಿಯೋ, ಫ್ಯಾನು, ಆಂಪ್ಲಿಫೈಯರುಗಳನ್ನು ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ಮಾರುತ್ತಿದ್ದೆ. ಸಂಜೆ ರಂಗಣ್ಣನ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದೆ. ಯಾರೂ ಕಲಿಸಲಿಲ್ಲ. ಬಾರಿಸುವವನು ಒಂದು ದಿನ ಬರಲಿಲ್ಲ, ನಾನು ಕೂತೆ, ಆಮೇಲೆ ಏಳಲಿಲ್ಲ.

ರಂಗಣ್ಣ ನಮ್ಮ ಬೀದಿಯವನೇ. ಆರ್ಕೆಸ್ಟ್ರಾದ ಮಾಲೀಕ, ಗಾಯಕ, ನಿರೂಪಕ ಎಲ್ಲಾ ಅವನೇ. ಅವನ ಹೆಮ್ಮೆ ಎಂದರೆ ಆ ಡ್ರಮ್ ಸೆಟ್ಟು. ಹಳೆಯ ಸೆಟ್ಟನ್ನು ಕೊಂಡು, ಅದರ ಮೈಮೇಲೆಲ್ಲ ತಾನೇ ಕೂತು ಕೆಂಪು ಮಿಂಚಿನ ಮೈಕಾ ಅಂಟಿಸಿದ್ದ. ಪೆಂಡಾಲಿನ ದೀಪ ಬಿದ್ದರೆ ದಾಳಿಂಬೆ ಒಡೆದಿಟ್ಟ ಹಾಗೆ ಹೊಳೆಯುತ್ತಿತ್ತು. ಮೈಸೂರಿನವರೆಗೂ "ಆ ಮಿಂಚಿನ ಡ್ರಮ್ಮಿನ ಪಾರ್ಟಿ" ಎಂದೇ ನಮ್ಮನ್ನು ಕರೆಯುತ್ತಿದ್ದರು. ಹಾಡು ಹೇಗಿತ್ತು ಎಂದು ಕೇಳಿದವರು ಕಡಿಮೆ.

ಶ್ರೀಧರ ಸಿಕ್ಕಿದ್ದು ವ್ಯಾಪಾರದಲ್ಲೇ. ಬಸವನಗುಡಿಯ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದ, ಭುಜದವರೆಗೆ ಕೂದಲು. ನನ್ನ ಹತ್ತಿರ ಒಂದು ಹಳೆಯ ಆಂಪ್ಲಿಫೈಯರ್ ಕೊಳ್ಳಲು ಬಂದವನು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದವನನ್ನು ಕಂಡರೆ ನನಗೆ ಅನುಮಾನ.

"ಯಾಕೆ ಗುರು, ಅಷ್ಟು ಅವಸರ?" ಎಂದೆ.

"ಇದರ ಸ್ಪೀಕರ್ ಹರಿದಿದೆ ಅಲ್ವಾ? ನಂಗೆ ಗರ್ರ್ ಅನ್ನೋ ಹರಿದಿರೋದೇ ಬೇಕು. ಗಿಟಾರಿಗೆ."

ಹರಿದ ಸ್ಪೀಕರನ್ನು ಹುಡುಕಿಕೊಂಡು ಬಂದ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಯಾವ ಸಂಗೀತವಪ್ಪಾ ಇದು ಎಂದು ಕುತೂಹಲಕ್ಕೆ ಅವನ ಮನೆಯವರೆಗೂ ಹೋದೆ. ಮಹಡಿಯ ಕೋಣೆಯಲ್ಲಿ ಕೂರಿಸಿ ಒಂದು ಕ್ಯಾಸೆಟ್ ಹಾಕಿದ. ಹೆವಿ ಮೆಟಲ್ ಎಂಬ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು. ಆದರೆ ಆ ಸದ್ದನ್ನು ಮೊದಲೇ ಕೇಳಿದ್ದೆ. ನಮ್ಮಪ್ಪ ಬಟ್ಟೆ ಗಿರಣಿಯಲ್ಲಿದ್ದವನು. ಚಿಕ್ಕಂದಿನಲ್ಲಿ ಬುತ್ತಿ ಕೊಡಲು ಹೋದಾಗ ಮಗ್ಗಗಳೆಲ್ಲ ಒಟ್ಟಿಗೆ ಓಡುವ ಆ ಹಜಾರದ ಬಾಗಿಲು ತೆರೆದರೆ ಎದೆಗೆ ಗುದ್ದಿದ ಹಾಗೆ ಬರುತ್ತಿತ್ತಲ್ಲ, ಅದೇ ಸದ್ದು. ಆಮೇಲೆ ಎಷ್ಟೋ ಜನ "ಅದೆಲ್ಲ ಇಂಗ್ಲಿಷಿನವರದ್ದು ಕಣೋ, ನಿನಗೇಕೆ" ಎಂದರು. ಗಿರಣಿಯ ಮಗ್ಗ ಯಾವ ಭಾಷೆಯಲ್ಲಿ ಬಡಿದುಕೊಳ್ಳುತ್ತದೆ ಎಂದು ಕೇಳುತ್ತಿದ್ದೆ.

ಹೀಗೆ ನಾನು, ರಂಗಣ್ಣನ ಸೆಟ್ಟಿನ ಸಮೇತ, ಶ್ರೀಧರನ ಬ್ಯಾಂಡಿಗೆ ಡ್ರಮ್ಮರ್ ಆದೆ. ನಾವೇ ಕಟ್ಟಿದ ಹಾಡುಗಳಿದ್ದವು. ಅವನ್ನು ಕ್ಯಾಸೆಟ್ ಮಾಡಬೇಕೆಂಬ ಹುಚ್ಚು ಹಿಡಿಯಿತು. ಚಾಮರಾಜಪೇಟೆಯಲ್ಲಿ ಗೋಪಾಲರಾಯರು ಎಂಬವರು ತಮ್ಮ ಮನೆಯ ಮಹಡಿಯಲ್ಲಿ ಭಕ್ತಿಗೀತೆಗಳ ಕ್ಯಾಸೆಟ್ ಧ್ವನಿಮುದ್ರಣ ಮಾಡುತ್ತಿದ್ದರು. ಅವರ ಸ್ಪೂಲ್ ಯಂತ್ರದ ರಬ್ಬರ್ ಬೆಲ್ಟು ಹರಿದು, ಎಲ್ಲೂ ಸಿಗದೆ ಒದ್ದಾಡುತ್ತಿದ್ದರು. ಅಂಥದೇ ಒಂದು ಕೆಟ್ಟ ಯಂತ್ರ ನನ್ನ ಗುಡ್ಡೆಯಲ್ಲಿತ್ತು. ಬೆಲ್ಟು ಬಿಚ್ಚಿಕೊಂಡು ಹೋಗಿ ಕೊಟ್ಟೆ. ಪ್ರತಿಯಾಗಿ ಒಂದು ಭಾನುವಾರ ನಮಗೆ ಸ್ಟುಡಿಯೋ ಬಿಟ್ಟುಕೊಡುವುದಾಗಿಯೂ, ಅದಕ್ಕೆ ಮೊದಲು ಡ್ರಮ್ಮಿನ ಸದ್ದು ಪರೀಕ್ಷಿಸಲು ಬಿಡುವಿದ್ದಾಗ ಬರಬಹುದೆಂದೂ ರಾಯರು ಒಪ್ಪಿದರು. ಅಗತ್ಯವಿರುವವನಿಗೆ ಅಗತ್ಯದ ವಸ್ತು ಕೊಡಿ, ದುಡ್ಡು ಕೇಳಬೇಡಿ, ದುಡ್ಡಿಗಿಂತ ದೊಡ್ಡದು ಸಿಗುತ್ತದೆ.

ಆಗಲೇ ಶ್ರೀಧರ ನನ್ನನ್ನು ಪಕ್ಕಕ್ಕೆ ಕರೆದು, ಕೂದಲು ಹಿಂದಕ್ಕೆ ತಳ್ಳಿಕೊಳ್ಳುತ್ತಾ ಆ ಮಾತು ಹೇಳಿದ್ದು.

"ಬೇಜಾರು ಮಾಡ್ಕೋಬೇಡ ಮಗಾ. ನೀನು ಚೆನ್ನಾಗೇ ಬಾರಿಸ್ತೀಯ. ಆದ್ರೆ ಆ ಟಾಮುಗಳು... ಡಾಲ್ಡಾ ಡಬ್ಬ ಬಡಿದಂಗೆ ಕೇಳಿಸುತ್ತೆ. ರೆಕಾರ್ಡಿಂಗಿಗೆ ಟೋನಿ ಬರ್ತೀನಿ ಅಂದಿದಾನೆ. ಅವನದು ಫಾರಿನ್ ಸೆಟ್ಟು."

ಟೋನಿ ದಂಡಿನ ಕಡೆಯವನು. ಕಂಟೋನ್ಮೆಂಟಿನ ಹೋಟೆಲುಗಳಲ್ಲಿ ಬಾರಿಸುತ್ತಿದ್ದ. ಬೆಂಗಳೂರಿನ ಈಚೆಯವರಿಗೆ ಆಚೆಯವರೆಂದರೆ ಆಗ ಅಷ್ಟು ಅಳುಕು: ಇಂಗ್ಲಿಷ್ ಹಾಡಿದ್ದರೆ ಆ ಕಡೆಯವನೇ ಬಾರಿಸಬೇಕು, ನಮ್ಮ ಕಡೆಯವನು ಪೆಂಡಾಲಿಗೆ ಸರಿ.

"ಭಾನುವಾರ ಬೆಳಿಗ್ಗೆ ತನಕ ಟೈಮ್ ಕೊಡು," ಎಂದೆ. "ಆ ಟಾಮು ಗುಡುಗಲಿಲ್ಲ ಅಂದ್ರೆ ನಾನೇ ಎದ್ದು ಅವನಿಗೆ ಸ್ಟೂಲು ಕೊಡ್ತೀನಿ."

ಟಾಮ್ ಎಂದರೆ ಡ್ರಮ್ ಸೆಟ್ಟಿನಲ್ಲಿ ಬಾರಿಸುವವನ ಮುಂದೆ ಜೋಡಿಯಾಗಿ ಕೂತ ಎರಡು, ಒಂದು ಚಿಕ್ಕದು, ಇನ್ನೊಂದು ನಡುವಿನ ಅಳತೆಯದು; ಬಲಕ್ಕೆ ನೆಲದ ಮೇಲೆ ಕಾಲೂರಿ ನಿಂತ ಒಂದು ದೊಡ್ಡದು. ಹಾಡಿನ ತಿರುವಿನಲ್ಲಿ ಗುಡುಗುಡು ಎಂದು ಉರುಳುವುದು ಇವೇ. ಅವುಗಳ ಮೇಲೂ ಕೆಳಗೂ ಇರುವ ಬಾಯಿಗಳಿಗೆ ಕಟ್ಟುವ ಹೊದಿಕೆಯೇ ಹೆಡ್ಡು. ಸದ್ದಿನ ಮುಕ್ಕಾಲು ಪಾಲು ಆ ಹೆಡ್ಡಿನದೇ ಎಂದು ನನಗೆ ಗೊತ್ತಿತ್ತು. ನಮ್ಮದರಲ್ಲಿದ್ದವು ಇಲ್ಲೇ ತಯಾರಾದ ತೆಳು ಪ್ಲಾಸ್ಟಿಕ್ ಹೆಡ್ಡುಗಳು. ಒಂದು ಗಣೇಶೋತ್ಸವ ಕಳೆದರೆ ತಟ್ಟೆಯಂತೆ ಗುಳಿ ಬೀಳುತ್ತಿದ್ದವು. ಮೃದಂಗಕ್ಕೆ ಚರ್ಮ ಕಟ್ಟುವವರ ಹತ್ತಿರ ಕರುವಿನ ಚರ್ಮ ಹಾಕಿಸಬಹುದಿತ್ತು, ಸದ್ದೇನೋ ತುಂಬು ಸದ್ದು. ಆದರೆ ಆ ಮಳೆಯಲ್ಲಿ ಬೆಳಿಗ್ಗೆ ಬಿಗಿದದ್ದು ಸಂಜೆಗೆ ಒದ್ದೆ ದುಪ್ಪಟಿಯಾಗುತ್ತದೆ. ಉಳಿದದ್ದು ಫಾರಿನ್ ಹೆಡ್ಡು.

ಅದು ಸಿಗುತ್ತಿದ್ದದ್ದು ದಂಡಿನ ಒಂದು ಹಳೆಯ ವಾದ್ಯದಂಗಡಿಯಲ್ಲಿ. ಹಡಗುಗಳಲ್ಲಿ ಬ್ಯಾಂಡ್ ಬಾರಿಸಲು ಹೋದವರು ತಂದು ಮಾರಿದ ಸಾಮಾನುಗಳು. ಅಂಗಡಿಯ ಮುದುಕರು ಎರಡು ಬಗೆಯದನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಬಿಳಿಯದು, ಒಂಟಿ ಪದರ, ಮೇಲೆ ನುಣ್ಣನೆಯ ಮರಳು ಸವರಿದಂತೆ ಒರಟು. ಇನ್ನೊಂದು ಗಾಜಿನಂತೆ ಪಾರದರ್ಶಕ, ಎರಡು ಪದರ ಸೇರಿಸಿದ್ದು, ಕೈಗೆ ಭಾರ.

"ಯಾವುದು ಬೇಕು, ಹೇಳು. ಟ್ರಯಲ್ ಎಲ್ಲಾ ಇಲ್ಲ," ಎಂದರು ಮುದುಕರು.

"ಚಿಕ್ಕಪೇಟೆಯಲ್ಲಿ ಸೀರೆ ತಗೊಂಡಿದೀರಾ ಸಾರ್?"

"ಯಾಕೆ?"

"ಅಲ್ಲಿ ಮನೆ ಹೆಂಗಸರಿಗೆ ತೋರಿಸಿ ತರ್ತೀನಿ ಅಂದ್ರೆ ಹತ್ತು ಸೀರೆ ಕಟ್ಟಿ ಕಳಿಸ್ತಾರೆ. ಒಂದು ಇಟ್ಕೊಂಡು ಒಂಬತ್ತು ವಾಪಸ್ ತರ್ತೀವಿ. ನಾನು ಕೇಳ್ತಿರೋದು ಎರಡೇ. ಚಿಕ್ಕ ಟಾಮಿಗೆ, ಅದೊಂದು ಇದೊಂದು."

"ಸೀರೆಗೆ ಏಟು ಬೀಳಲ್ಲ ಕಣಯ್ಯಾ! ಇದಕ್ಕೆ ಕೋಲಲ್ಲಿ ಹೊಡೀತೀಯ."

"ಗುರುತು ಬಿದ್ರೆ ಎರಡೂ ನನ್ನವೇ. ಅಲ್ಲಿ ತನಕ ನನ್ನ ಸೈಕಲ್ ನಿಮ್ಮ ಅಂಗಡೀಲಿ ಇರುತ್ತೆ."

ಮುದುಕರು ಹೊರಗೆ ಬಂದು ಸೈಕಲ್ಲಿನ ಬೆಲ್ ಬಾರಿಸಿ, ಬ್ರೇಕ್ ಹಿಡಿದು ನೋಡಿ ಒಪ್ಪಿದರು. ಹೆಡ್ಡುಗಳನ್ನು ಅಕ್ಕಿ ಚೀಲದಲ್ಲಿ ಸುತ್ತಿ ಎದೆಗೆ ಅವುಚಿಕೊಂಡು, ಮಳೆಯಲ್ಲಿ ಬಸ್ಸಿಗೆ ನೇತಾಡುತ್ತಾ ಬಂದೆ. (ಆಮೇಲೆ ತಿಳಿದದ್ದು: ನಾನು ಹೋದಾಗಿನಿಂದ ಅವರ ಮನೆಯ ಊಟದ ಕ್ಯಾರಿಯರ್ ಬರುತ್ತಿದ್ದದ್ದು ನನ್ನ ಸೈಕಲ್ಲಿನ ಮೇಲೆ.)

ರಂಗಣ್ಣನ ಡ್ರಮ್ಮುಗಳಿದ್ದ ಕೋಣೆಯ ಬೀಗದ ಕೈ ನನ್ನಲ್ಲೇ ಇರುತ್ತಿತ್ತು. ಚಿಕ್ಕ ಟಾಮನ್ನು ಆಟೋದಲ್ಲಿ ಹಾಕಿಕೊಂಡು ರಾಯರ ಮಹಡಿಗೆ ಒಯ್ದೆ. ಶ್ರೀಧರನೂ ಬಂದ. ಮೊದಲು ಬಿಳಿಯದನ್ನು ಹಾಕಿ ಬಿಗಿದೆವು. ಬಾರಿಸಿದರೆ ಒದ್ದೆ ರಟ್ಟು. ಎರಡು ಪದರದ್ದನ್ನು ಹಾಕಿದೆವು. ಅದೂ ಒದ್ದೆ ರಟ್ಟೇ, ಜೊತೆಗೆ ಒಂದು ಮಗ್ಗುಲಲ್ಲಿ ಸುಕ್ಕು. ಸುಕ್ಕು ಹೋಗಲೆಂದು ಆ ಕಡೆ ಬಿಗಿದರೆ ಈ ಕಡೆ ಸುಕ್ಕು. ರಾಯರು ತಮ್ಮ ಕೋಣೆಯ ಗಾಜಿನ ಹಿಂದಿನಿಂದ ಕನ್ನಡಕ ಒರೆಸುತ್ತಾ ನೋಡುತ್ತಿದ್ದರು.

"ಇದಕ್ಕಾ ಸೈಕಲ್ ಅಡ ಇಟ್ಟಿದ್ದು?" ಎಂದ ಶ್ರೀಧರ. "ಬಿಡು ಮಗಾ. ಡ್ರಮ್ಮೇ ಡಬ್ಬ. ಟೋನಿಗೆ ಹೇಳಿಬಿಡ್ತೀನಿ."

"ಭಾನುವಾರ ತನಕ ಅಂದೆ ನಾನು."

"ಹಠ ಯಾಕೋ?"

"ಹಠ ಅಲ್ಲ. ಎರಡು ಬೇರೆ ಬೇರೆ ಸರಕು ಒಂದೇ ಥರ ಕೆಟ್ಟದಾಗಿ ಕೇಳಿಸ್ತಿದೆ ಅಂದ್ರೆ ತಪ್ಪು ಸರಕಿನದಲ್ಲ."

ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಆದರೆ ತಪ್ಪು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಶ್ರೀರಾಂಪುರಕ್ಕೆ ವಾಪಸು ತಂದು ನಮ್ಮ ಹಳೆಯ ಹೆಡ್ಡನ್ನು ಮತ್ತೆ ಹಾಕಿದೆ. ಅದು ಟಾಮಿನ ಬಾಯಿಯ ಮೇಲೆ ಸಲೀಸಾಗಿ ಕೂತು, ಬೆರಳಲ್ಲಿ ತಳ್ಳಿದರೆ ಗಿರ್ರನೆ ಸುತ್ತಿತು. ಫಾರಿನ್ ಹೆಡ್ಡು ಇಟ್ಟೆ. ಅಲುಗಲಿಲ್ಲ. ಚಿಕ್ಕ ಅಳತೆಯ ಬಳೆಯನ್ನು ದಪ್ಪ ಕೈಗೆ ತುರುಕಿದ ಹಾಗೆ ಅಂಚಿನಲ್ಲೇ ಕಚ್ಚಿಕೊಂಡು ನಿಂತಿತು. ನಾವು ಬಿಗಿಬಿಗಿದು ಕೂರಿಸಿದ್ದೆವೇ ಹೊರತು, ಅದು ಮರದ ಅಂಚನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟಿದ್ದು ಮೈಕಾವನ್ನು.

ಆಗ ಹೊಳೆಯಿತು. ನಮ್ಮ ಕಡೆ ಡ್ರಮ್ ಎಂದಮೇಲೆ ಅದಕ್ಕೆ ಮೈಕಾ ಸುತ್ತದೆ ಯಾರೂ ಬಿಡುವುದಿಲ್ಲ. ಕೆಂಪು, ಹಸಿರು, ಬಂಗಾರದ್ದು. ಹಳೆಯದರ ಮೇಲೇ ಹೊಸದು. ಹಾಗಾಗಿ ಇಲ್ಲಿ ಹೆಡ್ಡು ಮಾಡುವವರು ಅದನ್ನು ಒಂದು ಕೂದಲೆಳೆ ದೊಡ್ಡದಾಗಿಯೇ ಮಾಡುತ್ತಿದ್ದರು, ಯಾರೂ ಹೇಳದೆ, ಯಾರೂ ಕೇಳದೆ. ಹೊರದೇಶದವರು ಬರೀ ಮರದ ಅಳತೆಗೆ ಸರಿಯಾಗಿ ಮಾಡಿದ್ದರು. ನಮ್ಮ ಶೃಂಗಾರದ ಲೆಕ್ಕ ಅವರಿಗೇನು ಗೊತ್ತು?

ರಂಗಣ್ಣನ ಮೈಕಾ ಕೀಳಬೇಕು. ಎಲ್ಲಾ ಅಲ್ಲ; ಬಾಯಿಯ ಸುತ್ತ ಒಂದು ಬೆರಳಗಲ ಸಾಕು. ಅಷ್ಟು ಜಾಗವನ್ನು ಹೆಡ್ಡಿನ ಮೇಲೆ ಕೂರುವ ಕಬ್ಬಿಣದ ಬಳೆ ಮುಚ್ಚಿಕೊಳ್ಳುತ್ತದೆ. ಕೇಳಿದರೆ ರಂಗಣ್ಣ ಒಪ್ಪುವುದಿಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದ್ದರಿಂದ ಕೇಳಲಿಲ್ಲ. ಇವತ್ತಿಗೂ ಹೇಳುತ್ತೇನೆ, ಸರಿಯಾಗಿಯೇ ಮಾಡಿದೆ. "ಬೇಡ" ಎಂಬ ಉತ್ತರ ಗೊತ್ತಿದ್ದ ಕಡೆ ಪ್ರಶ್ನೆ ಕೇಳಿ ಅದನ್ನು ಗಟ್ಟಿ ಮಾಡಿಸಿಕೊಳ್ಳಬಾರದು.

ಕೋಣೆಯ ಎದುರಿಗೇ ಇಸ್ತ್ರಿ ಅಂಗಡಿ. ಕೆಂಡದ ಪೆಟ್ಟಿಗೆಯನ್ನು ಕೇಳಿ ಪಡೆದು, ಒದ್ದೆ ಬಟ್ಟೆಯ ಮೇಲಿಂದ ಟಾಮಿನ ಅಂಚಿಗೆ ಒತ್ತಿ ಹಿಡಿದೆ. ಗೋಂದು ಕರಗಿ ಆ ವಾಸನೆ ಎದ್ದಿತು. ಗರಗಸದ ಬ್ಲೇಡಿನ ಮುರುಕಿನಿಂದ ಗೆರೆ ಕೊರೆದು ಮೆಲ್ಲಗೆ ಎಳೆದರೆ ಮೈಕಾ ಹಾವಿನ ಪೊರೆಯ ಹಾಗೆ ಸುರುಳಿಯಾಗಿ ಬಿಟ್ಟುಕೊಂಡು ಬಂತು. ಒಳಗಿನ ಮರ ಬೆಳ್ಳಗೆ, ಅದೇ ಮೊದಲ ಸಲ ಗಾಳಿ ಕಂಡಿತು. ಮರಳು ಕಾಗದದಿಂದ ಗೋಂದು ಉಜ್ಜಿ ತೆಗೆದೆ. ಈಗ ಫಾರಿನ್ ಹೆಡ್ಡು ಇಟ್ಟು ಬೆರಳಲ್ಲಿ ತಳ್ಳಿದೆ. ಗಿರ್ರನೆ ಸುತ್ತಿತು. ಮೇಲಿನ ಬಳೆಯನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ನಡುವೆ ಅಂಗೈಯೂರಿ ಭಾರ ಹಾಕಿ ಕೂರಿಸಿದೆ. ಚಟ್ ಎಂದು ಒಮ್ಮೆ ಸದ್ದು ಮಾಡಿ ತನ್ನ ಜಾಗ ಹಿಡಿಯಿತು.

ಮತ್ತೆ ರಾಯರ ಮಹಡಿ; ಶ್ರೀಧರನ ಜೊತೆ ಬ್ಯಾಂಡಿನ ಬೇಸ್ ಗಿಟಾರಿನವನೂ ಬಂದಿದ್ದ. ಈ ಸಲ ನಾನೊಂದು ಬುದ್ಧಿ ಮಾಡಿದೆ, ಇಂದಿನವರೂ ಇದನ್ನು ಮಾಡಬೇಕು: ಬಾರಿಸುವ ಕೆಲಸ ಶ್ರೀಧರನಿಗೆ ಕೊಟ್ಟು, ನಾನು ಗಾಜಿನ ಹಿಂದೆ ರಾಯರ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತೆ. ಡ್ರಮ್ಮಿನ ಮುಂದೆ ಕೂತವನ ಕಿವಿಯೇ ಬೇರೆ, ಮೈಕಿನ ಕಿವಿಯೇ ಬೇರೆ. ಕ್ಯಾಸೆಟ್ ಕೊಳ್ಳುವವನಿಗೆ ಸಿಗುವುದು ಮೈಕಿನ ಕಿವಿ ಮಾತ್ರ.

ಬಿಳಿ ಹೆಡ್ಡು ಕೋಣೆಯಲ್ಲಿ ನಿಂತು ಕೇಳಿದರೆ ಅಮೃತ. ಟೊಂಯ್ ಎಂದು ಎದ್ದು ಬಹಳ ಹೊತ್ತು ಹಾಡುತ್ತಿತ್ತು. ಶ್ರೀಧರ ಹಿಗ್ಗಿಹೋದ. "ಇದೇ ಮಗಾ, ಇದೇ!" ಎಂದ.

"ಈಗ ನಿನ್ನ ಗಿಟಾರ್ ಹಾಕು. ಬೇಸಿನವನಿಗೂ ಬಾರಿಸೋಕೆ ಹೇಳು. ಟಾಮನ್ನ ರಾಯರು ಬಾರಿಸ್ಲಿ."

"ನಾನಾ?" ಎಂದು ರಾಯರು ಪಂಚೆ ಸರಿಮಾಡಿಕೊಂಡು ಒಳಗೆ ಹೋಗಿ ಕೋಲು ಹಿಡಿದರು. ಆ ಹರಿದ ಸ್ಪೀಕರಿನ ಗಿಟಾರು ಗರ್ರೆಂದು ಎದ್ದ ಕೂಡಲೇ ಹೆಡ್‌ಫೋನಿನಲ್ಲಿ ಬಿಳಿ ಹೆಡ್ಡು ಮುಳುಗಿಹೋಯಿತು. ಅದರ ಉದ್ದನೆಯ ಹಾಡಿಕೆ ಗಿಟಾರಿನ ಗದ್ದಲದೊಳಗೆ ಕಲೆತು ಗಂಜಿಯಾಯಿತು. ಹೆಡ್ಡು ಬದಲಿಸಿದೆ. ಎರಡು ಪದರದ್ದು ಕೋಣೆಯೊಳಗೆ ನಿಂತವರಿಗೆ ಚಪ್ಪೆ; ದಬ್ ಎಂದಷ್ಟೇ. ಆದರೆ ಹೆಡ್‌ಫೋನಿನಲ್ಲಿ, ಅಷ್ಟು ಗಿಟಾರಿನ ನಡುವೆ, ರಾಯರ ಪ್ರತಿಯೊಂದು ಏಟೂ ಬಾಗಿಲು ಒದ್ದು ಒಳಗೆ ಬಂದ ಹಾಗೆ ಬಂತು. ಬಂದು, ಕೆಲಸ ಮುಗಿಸಿ, ಮುಂದಿನದಕ್ಕೆ ಜಾಗ ಬಿಟ್ಟು ಹೋಯಿತು.

ಕೆಳಬಾಯಿಗೆ ಮಾತ್ರ ನಮ್ಮೂರ ತೆಳು ಹೆಡ್ಡನ್ನೇ ಬಿಟ್ಟು, ಮೇಲಿನದಕ್ಕಿಂತ ತುಸು ಹೆಚ್ಚು ಬಿಗಿದೆ. ಕೆಳಗಿನದು ಏಟು ತಿನ್ನುವುದಿಲ್ಲ, ಮೇಲಿನದಕ್ಕೆ ಉತ್ತರ ಕೊಡುತ್ತದೆ ಅಷ್ಟೆ. ಉತ್ತರ ಕೊಡುವವನು ಹಗುರವಾಗಿದ್ದರೆ ಒಳ್ಳೆಯದು. ಹೊಸಬರು ಹೆಡ್ಡು ಕೊಳ್ಳುವಾಗ ಎರಡೂ ಬಾಯಿಗೆ ದಪ್ಪದ್ದನ್ನೇ ಕೊಂಡು ದುಡ್ಡು ಹಾಳು ಮಾಡುತ್ತಾರೆ. ಬೇಡ.

ದಂಡಿಗೆ ಹೋಗಿ ಉಳಿದ ಎರಡು ಟಾಮುಗಳಿಗೂ ಎರಡು ಪದರದ್ದನ್ನೇ ತಂದೆ. ಬಿಳಿಯದನ್ನು ಕಲೆಯಿಲ್ಲದೆ ಹಿಂತಿರುಗಿಸಿ ಸೈಕಲ್ ಬಿಡಿಸಿಕೊಂಡೆ. ಎಷ್ಟಕ್ಕೆ ತಂದೆ ಎಂದು ಬರೆಯುವುದಿಲ್ಲ. ಮುದುಕರ ಮಗ ಈಗಲೂ ವ್ಯಾಪಾರ ಮಾಡುತ್ತಿದ್ದಾನೆ, ಓದಿದರೆ ನೊಂದುಕೊಳ್ಳುತ್ತಾನೆ. ಉಳಿದ ಎರಡು ಟಾಮುಗಳ ಬಾಯಿಯನ್ನೂ ಇಸ್ತ್ರಿ ಹಾಕಿ ಬಿಡಿಸಿದೆ. ಸಾಗಿಸುವಾಗ ಹೊಸ ಹೆಡ್ಡಿಗೆ ಪೆಟ್ಟಾಗದಿರಲೆಂದು ಮೂರಕ್ಕೂ ಹಳೆಯ ಹೆಡ್ಡುಗಳನ್ನೇ ಹಾಕಿಟ್ಟೆ.

ಶನಿವಾರ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ರಂಗಣ್ಣ ನಿಂತಿದ್ದ. ಲುಂಗಿ ಮೇಲಕ್ಕೆ ಕಟ್ಟಿದ್ದ. ಲುಂಗಿ ಮೇಲಕ್ಕೆ ಕಟ್ಟಿದರೆ ವಿಷಯ ದೊಡ್ಡದು ಎಂದು ನಮ್ಮ ಬೀದಿಗೆಲ್ಲ ಗೊತ್ತು.

"ಏನೋ ಮುನಿಯಾ, ನನ್ನ ಡ್ರಮ್ಮಿಗೆ ಇಸ್ತ್ರಿ ಹಾಕಿಸಿದ್ಯಂತೆ?"

ಎದುರಂಗಡಿಯವನು ಹೇಳಿಬಿಟ್ಟಿದ್ದ. "ಹೌದಣ್ಣ."

"ಯಾಕೆ, ಮದ್ವೆಗೆ ಹೋಗ್ತಿದ್ಯಾ ಅದು?"

"ನಾಳೆ ಶ್ರೀಧರನ ರೆಕಾರ್ಡಿಂಗಿಗೆ ಹೋಗ್ತಿದೆ. ಬಾಯಿ ಹತ್ರ ಸ್ವಲ್ಪ ಮೈಕಾ ಬಿಡಿಸಿದೆ."

ಅವನ ಮುಖ ನೋಡಬೇಕಿತ್ತು. "ಮೈಕಾ... ಬಿಡಿಸ್ದೆ. ರಾಜ್ಯೋತ್ಸವ ಇನ್ನೇನು ಬಂತು. ಎಲ್ಲಾ ಕಡೆ ಮಿಂಚಿನ ಡ್ರಮ್ಮು ಅಂತ ಬೋರ್ಡ್ ಬರೆಸಿದೀನಿ. ಬೋಳಿಸಿದ ಡ್ರಮ್ಮನ್ನ ಸ್ಟೇಜ್ ಮೇಲೆ ಇಡ್ಲಾ? ಯಾವನೋ ಬಸವನಗುಡಿ ಜಡೆ ಹುಡುಗನಿಗೋಸ್ಕರ? ನಡಿ ಆಚೆ. ನಾಳೆ ಡ್ರಮ್ಮು ಈ ಕೋಣೆ ದಾಟಲ್ಲ. ಬೀಗದ ಕೈ ಕೊಡು."

ಕೈಯಲ್ಲಿದ್ದ ಬೀಗದ ಕೈ ಬಿಸಿಯಾದಂತೆನಿಸಿತು. ಕೊಟ್ಟರೆ ಟೋನಿ ನನ್ನ ಜಾಗದಲ್ಲಿ ಕೂರುತ್ತಾನೆ. ಕೊಡದಿದ್ದರೆ ಆರ್ಕೆಸ್ಟ್ರಾದ ಕೆಲಸ ಹೋಗುತ್ತದೆ. ಬೇಡಿಕೊಳ್ಳಬಹುದಿತ್ತು. ಬೇಡಿಕೊಂಡರೆ ರಂಗಣ್ಣ ಕರಗುವವನೇ. ಆದರೆ ಬೇಡಿಕೊಂಡು ತಂದ ಡ್ರಮ್ಮನ್ನು ಹಾಗೆ ಗಟ್ಟಿಯಾಗಿ ಹೊಡೆಯುವುದು ಹೇಗೆ?

"ಕೊಡ್ತೀನಿ ಅಣ್ಣ," ಎಂದೆ. "ಒಂದು ಪಂದ್ಯ. ಮೂರು ಟಾಮನ್ನೂ ಆಚೆ ಬಿಸಿಲಲ್ಲಿ ಇಡ್ತೀನಿ. ಜನ ನಿಂತ್ಕೊಳ್ಳೋ ಅಷ್ಟು ದೂರದಲ್ಲಿ ನೀವು ನಿಂತ್ಕೊಳ್ಳಿ. ಅದರಲ್ಲಿ ನಾನು ಕೈ ಹಾಕದೇ ಇರೋ ಟಾಮನ್ನ ತೋರ್ಸಿ. ಸರಿಯಾಗಿ ತೋರಿಸಿದ್ರೆ ಬೀಗದ ಕೈ ನಿಮ್ಮದು, ಮೈಕಾ ನಾನೇ ಹೊಸದಾಗಿ ಸುತ್ತಿಸಿಕೊಡ್ತೀನಿ. ತಪ್ಪಾದ್ರೆ ನಾಳೆ ಡ್ರಮ್ಮು ಚಾಮರಾಜಪೇಟೆಗೆ."

"ಯಾರ ಹತ್ರ ಪಂದ್ಯ ಕಟ್ತಿದೀಯ ನೀನು? ಆ ಮೈಕಾ ಸುತ್ತಿದ ಕೈ ಇದು!"

ಬೀದಿಯಲ್ಲಿ ಮೂರನ್ನೂ ಸಾಲಾಗಿ ಇಟ್ಟೆ. ಇಸ್ತ್ರಿಯವನು ಪೆಟ್ಟಿಗೆ ಬಿಟ್ಟು ಬಂದ. ನೀರು ಹಿಡಿಯಲು ನಿಂತಿದ್ದ ಹೆಂಗಸರು ಕೊಡ ಕೆಳಗಿಟ್ಟರು. ರಂಗಣ್ಣ ರಸ್ತೆಯ ಆಚೆ ಬದಿಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬಿಸಿಲಲ್ಲಿ ಕೆಂಪು ಮಿಂಚು ಕ್ಷಣಕ್ಕೊಂದು ಕಡೆ ಹೊಳೆಯುತ್ತಿತ್ತು. ಎಡಕ್ಕೆ ಸರಿದು ನೋಡಿದ, ಬಲಕ್ಕೆ ಬಂದು ನೋಡಿದ.

"ಬೇಗ ಹೇಳೋ ರಂಗಾ, ನೀರು ನಿಂತೋಗುತ್ತೆ," ಎಂದಳು ಒಬ್ಬ ಅಜ್ಜಿ.

"ಆ ದೊಡ್ಡದು!" ಎಂದ ರಂಗಣ್ಣ. "ಅದನ್ನ ಮುಟ್ಟಿಲ್ಲ ನೀನು. ಹೊಳಪು ನೋಡಿದ್ರೇ ಗೊತ್ತಾಗುತ್ತೆ."

ನಾನು ದೊಡ್ಡ ಟಾಮಿನ ಬಳೆ ಬಿಚ್ಚಿ ಎತ್ತಿದೆ. ಬಾಯಿಯ ಸುತ್ತ ಬೆರಳಗಲದ ಬಿಳೀ ಮರ.

"ಅಯ್ಯೋ! ಹಂಗಾದ್ರೆ ಆ ನಡುವಿಂದು."

ಅದನ್ನೂ ಬಿಚ್ಚಿದೆ. ಆಮೇಲೆ ಮೂರನೆಯದನ್ನು, ಅವನು ಕೇಳದೆಯೇ. ಬೀದಿಯೆಲ್ಲ ನಕ್ಕಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೂರಕ್ಕೂ ಕೈ ಹಾಕಿ ನನ್ನನ್ನ ಆಚೆ ನಿಲ್ಲಿಸಿದ್ಯಲ್ಲೋ, ಕಳ್ಳ!"

"ನಿಮ್ಮ ಕಣ್ಣಿಗೇ ಕಾಣಲಿಲ್ಲ ಅಂದ್ರೆ ರಾಜ್ಯೋತ್ಸವದ ಜನಕ್ಕೆ ಕಾಣುತ್ತಾ ಅಣ್ಣ?"

ರಂಗಣ್ಣ ಲುಂಗಿ ಕೆಳಗೆ ಬಿಟ್ಟ. "ಹಾಳಾಗಿ ಹೋಗು," ಎಂದ. ಅಂದರೆ ಹೋಗು ಎಂದು.

ಭಾನುವಾರ ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ. ಆಟೋದ ಎರಡೂ ಬದಿಗೆ ಗೋಣಿ ಕಟ್ಟಿಕೊಂಡು ಡ್ರಮ್ಮುಗಳ ನಡುವೆ ನಾನು ಕುಕ್ಕರುಗಾಲಲ್ಲಿ ಕೂತು ಹೋದೆ. ರಾಯರ ಮನೆಯ ಜಗಲಿಯಲ್ಲಿ ಟೋನಿ ಕೂತಿದ್ದ. ಒಳ್ಳೆಯ ಹುಡುಗನೇ. ಕೋಲುಗಳನ್ನು ಜೇಬಿನಲ್ಲಿಟ್ಟುಕೊಂಡು, ಅಗತ್ಯ ಬಿದ್ದರೆ ಇರಲಿ ಎಂದು ಶ್ರೀಧರ ಹೇಳಿದ್ದಕ್ಕೆ ಬಂದಿದ್ದ. ಅವನ ಫಾರಿನ್ ಸೆಟ್ಟು ಹೊರಗೆ ವ್ಯಾನಿನಲ್ಲಿತ್ತು, ಇಳಿಸಿರಲಿಲ್ಲ. ನಾನು ನಮಸ್ಕಾರ ಹೇಳಿ ಅವನ ಮುಂದೆಯೇ ಡ್ರಮ್ ಹೊತ್ತು ಮೆಟ್ಟಿಲು ಹತ್ತಿದೆ.

ಮೇಲೆ ಇನ್ನೊಂದು ತಕರಾರು ಕಾದಿತ್ತು. ರಾಯರ ಕೈಯಲ್ಲಿ ಮೂರು ಟವಲು.

"ನಮ್ಮಲ್ಲಿ ಡ್ರಮ್ಮಿಗೆ ಟವಲ್ ಹೊದಿಸದೆ ರೆಕಾರ್ಡ್ ಮಾಡೋ ಪದ್ಧತಿ ಇಲ್ಲಪ್ಪಾ. ಗುಂಯ್ ಅನ್ನೋದು ಮೈಕಿಗೆ ಹಿಡ್ಕೊಂಡ್ರೆ ಕ್ಯಾಸೆಟ್ಟೇ ಹಾಳು."

"ರಾಯರೇ, ಮೊನ್ನೆ ನೀವೇ ಬಾರಿಸಿದ್ರಲ್ಲ. ಗುಂಯ್ ಅಂತಾ?"

"ಅದು ಒಂದು ಟಾಮು. ಇದು ಪೂರ್ತಿ ಸೆಟ್ಟು."

"ಒಂದು ಹಾಡು ಟವಲ್ ಇಲ್ದೆ ತಗೊಳ್ಳಿ. ಕೆಟ್ಟರೆ ಮೂರಲ್ಲ, ಕಂಬಳಿ ಹೊದಿಸಿ. ಆಮೇಲೆ ನಾನು ಒಂದು ಮಾತಾಡಿದ್ರೆ ಕೇಳಿ."

"ನೀನು ಮಾತಾಡದೇ ಇರೋದು ಯಾವಾಗ ಅಂತಾನೇ ಗೊತ್ತಿಲ್ಲ," ಎಂದು ರಾಯರು ಟವಲುಗಳನ್ನು ಹೆಗಲಿಗೆ ಹಾಕಿಕೊಂಡು ಗಾಜಿನ ಹಿಂದೆ ಹೋದರು.

ಹೊಸ ಹೆಡ್ಡುಗಳನ್ನು ಹಾಕಿ ಬಿಗಿದೆ. ಶ್ರೀಧರ ನನ್ನ ಕಡೆ ನೋಡಲಿಲ್ಲ. ನೋಡಿದರೆ ಟೋನಿಯ ನೆನಪಾಗುತ್ತದೆ ಎಂದಿರಬೇಕು. ಸ್ಪೂಲು ತಿರುಗಿತು. ಹಾಡು ಶುರುವಾಗಿ ಅರ್ಧ ಹೋದಮೇಲೆ ಎಲ್ಲಾ ನಿಂತು ಟಾಮುಗಳು ಮಾತ್ರ ಉರುಳುವ ಒಂದು ಜಾಗವಿತ್ತು. ಅಲ್ಲಿಗೆ ಬಂದಾಗ ನಾನು ಗಿರಣಿಯ ಬಾಗಿಲನ್ನು ನೆನೆದೆ. ಚಿಕ್ಕದು, ನಡುವಿನದು, ದೊಡ್ಡದು. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಒಂದು ಏಟೂ ಇನ್ನೊಂದರ ಮೇಲೆ ಬೀಳಲಿಲ್ಲ, ಒಂದೂ ಹಾಡುತ್ತಾ ಕೂರಲಿಲ್ಲ. ಗಾಜಿನ ಹಿಂದೆ ರಾಯರು ಹೆಗಲ ಮೇಲಿನ ಟವಲುಗಳನ್ನು ತೆಗೆದು ಮೇಜಿನ ಕೆಳಗೆ ಹಾಕುವುದು ಕಾಣಿಸಿತು.

ಹಾಡು ಮುಗಿದಾಗ ರಾಯರ ದನಿ ಸ್ಪೀಕರಿನಲ್ಲಿ ಬಂತು. "ಮುನಿರಾಜು, ಮುಂದಿನ ಹಾಡಿಗೂ ಟವಲ್ ಬೇಡ." ಶ್ರೀಧರ ಗಿಟಾರು ಕೆಳಗಿಟ್ಟು ಮೆಟ್ಟಿಲಿಳಿದು ಹೋದ. ಟೋನಿಗೆ ಏನು ಹೇಳಿದನೋ, ಅವನು ತಾನೇ ಮೇಲೆ ಬಂದ. ದೊಡ್ಡ ಟಾಮಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ ಕೇಳಿದ.

"ಎಲ್ಲಿಯದು ಈ ಹೆಡ್ಡು?"

"ನಿಮ್ಮ ದಂಡಿಂದೇ. ನಿಮ್ಮ ಮೂಗಿನ ಕೆಳಗೇ ಇತ್ತು."

ಮೈಕಾ ವಿಷಯ ಮಾತ್ರ ಹೇಳಲಿಲ್ಲ. ಕೇಳಿದವರಿಗೆಲ್ಲ ಸಲಹೆ ಕೊಡುವವನು ನಾನು. ಆದರೆ ನನ್ನ ಸ್ಟೂಲಿಗೆ ಕಾದು ಕೂತವನಿಗೆ ಕೊಡುವಷ್ಟು ದೊಡ್ಡವನಲ್ಲ, ಆಗಲೂ, ಈಗಲೂ.

ಕ್ಯಾಸೆಟ್ ಬಂತು. ಕೊಂಡವರು ಕಡಿಮೆ, ಬೈದವರು ಹೆಚ್ಚು. ರಾಯರ ಭಕ್ತಿಗೀತೆಯ ಗಿರಾಕಿಗಳು ಕೆಲವರು "ಇದೇ ಸ್ಟುಡಿಯೋದಲ್ಲಾ ಆ ಗಲಾಟೆ ಮಾಡಿಸಿದ್ದು?" ಎಂದು ಕೇಳಿದರಂತೆ. "ಹೌದು, ಡ್ರಮ್ ಹೇಗಿದೆ ಹೇಳಿ" ಎಂದರಂತೆ ರಾಯರು.

ರಾಜ್ಯೋತ್ಸವದ ಮೊದಲ ಕಾರ್ಯಕ್ರಮ ನಮ್ಮ ಶ್ರೀರಾಂಪುರದಲ್ಲೇ. ಕೆಂಪು ಹಳದಿ ತೋರಣ, ತಾಯಿ ಭುವನೇಶ್ವರಿಯ ಪಟ, ಮುಂದೆ ನೆಲದ ಮೇಲೆ ಕೂತ ಮಕ್ಕಳು, ಹಿಂದೆ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತ ದೊಡ್ಡವರು. ನಾನು ಹೊಸ ಹೆಡ್ಡುಗಳನ್ನು ಬಿಚ್ಚಿರಲಿಲ್ಲ, ಬಿಚ್ಚುವುದೂ ಇಲ್ಲ ಎಂದು ನಿರ್ಧರಿಸಿದ್ದೆ. ಡ್ರಮ್ಮು ಹೊಳೆಯುತ್ತಿತ್ತು, ಎಂದಿನ ಹಾಗೇ. ರಂಗಣ್ಣ ಹಾಡಿನ ಒಂದು ಚರಣ ಮುಗಿಸಿದ. ನಾನು ಟಾಮುಗಳ ಮೇಲೆ ಇಳಿದೆ, ಚಾಮರಾಜಪೇಟೆಯಲ್ಲಿ ಇಳಿದಷ್ಟೇ ಗಟ್ಟಿಯಾಗಿ. ಹಿಂದೆ ನಿಂತವರ ಬಾಯಲ್ಲಿ ಕಡಲೆಕಾಯಿ ನಿಂತಿತು. ನಮ್ಮಪ್ಪನ ಜೊತೆಯ ಗಿರಣಿಯವರೊಬ್ಬರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ಯಾರೂ ಮಿಂಚು ನೋಡುತ್ತಿರಲಿಲ್ಲ.

ಪಲ್ಲವಿ ಎತ್ತಿಕೊಳ್ಳಬೇಕಾದ ರಂಗಣ್ಣ ಎತ್ತಿಕೊಳ್ಳಲಿಲ್ಲ. ಮೈಕಿನ ಮೇಲೆ ಅಂಗೈ ಮುಚ್ಚಿ, ಹಿಂದಕ್ಕೆ ಎರಡು ಹೆಜ್ಜೆ ಬಂದು, ಜನರ ಕಡೆಗೇ ನಗುತ್ತಾ ತುಟಿ ಅಲುಗದ ಹಾಗೆ ಹೇಳಿದ:

"ಮುನಿಯಾ, ಬೇಕಾದ್ರೆ ಇನ್ನೊಂದು ಬೆರಳಗಲ ಕತ್ತರಿಸ್ಕೊಳ್ಳೋ."

ಕತ್ತರಿಸಲಿಲ್ಲ. ಬೇಕಾಗಿದ್ದದ್ದು ಅಷ್ಟೇ.